ಅಪ್ಪನ ಪಡಿಯಚ್ಚು

ಆ ಮನೆಯಲ್ಲಿ ದುಡಿದು ಬಂದ ಗಂಡುಮಗ ಚಪ್ಪಲಿ ಬಿಡುವ ಮೊದಲು ಬಾಯಿ ಬಿಡಬೇಕಿತ್ತು. ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಬಂದು ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿದರೆ ಸಾಕು, ಬೇಕರಿಯಮ್ಮ ಕೈಯ ಹಿಟ್ಟು ಕೊಡವಿಕೊಂಡು ಬಾಗಿಲಿಗೆ ಬರುತ್ತಿದ್ದಳು.

"ಹಾ ಅನ್ನು."

"ಅಮ್ಮಾ, ಹೊಟ್ಟೆ ಚುರುಗುಟ್ತಿದೆ."

"ಹಾ ಅಂದ್ಮೇಲೆ ಊಟ."

ಅವನು ಹಾ ಅನ್ನುತ್ತಿದ್ದ. ಅವಳು ಮೂಗು ಹತ್ತಿರ ತಂದು ಮೂಸಿ ನೋಡುತ್ತಿದ್ದಳು. ಒಳಗೆ ಮಂಚದ ಮೇಲಿಂದ ಅವಳ ಅತ್ತೆ ಕೂಗುತ್ತಿದ್ದರು, "ಏನಿದೆ?"

"ಏನಿಲ್ಲ ಅತ್ತೆ."

ಆಮೇಲೆ ತಟ್ಟೆ ಹಾಕುತ್ತಿದ್ದರು.

ಮೀಸೆ ಬಂದು, ಆ ಮೀಸೆ ಬೇಡವೆಂದು ಬೋಳಿಸುವ ವಯಸ್ಸಾದರೂ ಅವನಿಗೆ ಈ ಪರೀಕ್ಷೆ ತಪ್ಪಿರಲಿಲ್ಲ. ಯಾಕೆಂದರೆ ಅವನು ಅಪ್ಪನ ಪಡಿಯಚ್ಚು. ಅದೇ ಗಿಣಿಮೂಗು, ಅದೇ ದಪ್ಪ ಹುಬ್ಬು, ಎಡಗಾಲನ್ನು ತುಸು ಎಳೆದು ಹಾಕುವ ಅದೇ ನಡಿಗೆ. ತೊಟ್ಟಿಲಲ್ಲಿದ್ದಾಗಲೇ ಬೀದಿಯವರು ಅವನನ್ನು ಅಚ್ಚು ಎಂದು ಕರೆದರು, ಆ ಹೆಸರೇ ನಿಂತಿತು. ಅಪ್ಪ ಕೇಕಿಗೆ ಹೆಸರಾದವನು, ಮಾತಿಗೆ ಹೆಸರಾದವನು, ಕುಡಿದು ಕುಡಿದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತ. ಬೀದಿಗೆ ಹೇಳಿದ್ದು ಮಾತ್ರ ಕಾಮಾಲೆ ಎಂದು. ಬೀದಿಯೂ ಪಾಪ, ಎಲ್ಲ ಗೊತ್ತಿದ್ದೂ ಕಾಮಾಲೆ ಎಂದೇ ತಲೆಯಾಡಿಸಿತು.

ಮೇಲಾಗಿ ಒಂದು ಮದುವೆಯ ಕಥೆ ಬೇರೆ ಇತ್ತು. ಅಚ್ಚುವಿಗೆ ಆಗಷ್ಟೇ ಮೀಸೆ ಮೂಡುತ್ತಿದ್ದ ಕಾಲ. ಯಾರದೋ ಮದುವೆಯಲ್ಲಿ ಗೆಳೆಯರು ಕಾಡಿಸಿ ಅರ್ಧ ಗ್ಲಾಸು ಕುಡಿಸಿದರು. ಮುಖ ಕೆಂಡವಾಯಿತು, ಎದೆ ಡವಡವ ಹೊಡೆದುಕೊಂಡಿತು, ಊಟದ ಮೇಜಿನ ಪಕ್ಕದಲ್ಲೇ ಕಾರಿಕೊಂಡು ಹುಡುಗ ನೆಲ ಹಿಡಿದ. "ನೋಡಿದ್ರಾ, ಅರ್ಧಕ್ಕೇ ಈ ಗತಿ! ಇನ್ನು ಪೂರ್ತಿ ಕುಡಿದ್ರೆ ಮನೆ ಮಠ ಉಳಿಯುತ್ತಾ?" ಎಂದು ಅತ್ತೆ ಎದೆ ಬಡಿದುಕೊಂಡರು. ಅದೇ ಮದುವೆಯಲ್ಲಿ ಅವನ ಅಕ್ಕ ನಾಲ್ಕು ಗ್ಲಾಸು ಮುಗಿಸಿ, ತಮ್ಮನ ಮುಖ ತೊಳೆಸಿ, ಅವನ ಬೆನ್ನು ಸವರಿ, ಮೂರಂತಸ್ತಿನ ಕೇಕನ್ನು ಒಂದೇ ಅಳತೆಗೆ ಕತ್ತರಿಸಿ ನೂರಾರು ಜನಕ್ಕೆ ಹಂಚಿ ಬಂದಳು. ಕೈ ಒಂದಿಷ್ಟೂ ಅಲುಗಲಿಲ್ಲ. ಆಗಿನ್ನೂ ಬದುಕಿದ್ದ ಅಪ್ಪ ಮೀಸೆ ತಿರುವಿದ. "ನನ್ನ ಮಗಳನ್ನ ನೋಡಿ ಕಲೀರಿ! ಕೊಡ ಸುರಿದ್ರೂ ಏರಲ್ಲ."

ಈ ಮಗಳು ಬೇಕರಿಯಮ್ಮನದೇ ತದ್ರೂಪ. ದುಂಡು ಮುಖ, ಪುಟ್ಟ ಕಿವಿ, ಬೇಗ ನಗುವ ಬಾಯಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಬೇಕರಿಯಮ್ಮ ನಿಶ್ಚಿಂತೆಯಾಗಿದ್ದಳು. ತಾಯಿಯೇನೂ ಜನ್ಮದಲ್ಲಿ ಒಂದು ತೊಟ್ಟೂ ಮುಟ್ಟಿದವಳಲ್ಲ. ಹಾಗಾಗಿ ಗಂಡ ಹೋದ ಮೇಲೆ ಹಣ್ಣಿನ ಜಾಡಿಯ ಬೀಗದ ಕೈಯನ್ನು ತಾನೇ ಮಗಳ ಸೊಂಟಕ್ಕೆ ಸಿಕ್ಕಿಸಿದಳು.

ಜಾಡಿ ಎಂದರೆ ಸೊಂಟದೆತ್ತರದ ಪಿಂಗಾಣಿ ಜಾಡಿ. ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ಎಲ್ಲ ಅದರಲ್ಲಿ ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಯಬೇಕು. ಹಣ್ಣು ಹೀರಿಕೊಂಡಷ್ಟೂ ಮೇಲೆ ಸುರಿಯುತ್ತಿರಬೇಕು, ವಾರಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವಿ ನಾಲಿಗೆಗೆ ಹಚ್ಚಿ ನೋಡಬೇಕು. ಜಾಡಿಯನ್ನು ಪೂರ್ತಿ ಖಾಲಿ ಮಾಡುವಂತಿಲ್ಲ. ತಳದ ಹಳೆಯ ಹಣ್ಣಿನ ಮೇಲೇ ಹೊಸದು ಬೀಳಬೇಕು, ರುಚಿ ಹಾಗೇ ಇಳಿದು ಬರಬೇಕು. ಅದು ಮಾವನ ಕಾಲದ ಕಟ್ಟಳೆ. ಮಾವನೂ ಕಾಮಾಲೆಯಲ್ಲೇ ಹೋದವರು ಎಂದು ಈ ಮನೆಯಲ್ಲಿ ಹೇಳುತ್ತಿದ್ದರು.

ಮಗಳ ಗಂಡ ಹಡಗಿನ ಅಡುಗೆಯವನು, ವರ್ಷಕ್ಕೊಮ್ಮೆ ಮುಖ ತೋರಿಸುವವನು. ಅವಳು ತನ್ನ ಪುಟ್ಟ ಹುಡುಗಿಯೊಡನೆ ತವರಲ್ಲೇ ಇದ್ದು ಕೇಕಿನ ಕೆಲಸವನ್ನೆಲ್ಲ ಹೊತ್ತಿದ್ದಳು. ಹುಡುಗಿಯ ಕೆನ್ನೆ ನೋಡಿ ಎಲ್ಲರೂ ಅದನ್ನು ಬನ್ನು ಎನ್ನುತ್ತಿದ್ದರು.

ಗಿರಣಿ ಯಜಮಾನರ ಮನೆಯ ಮದುವೆಗೆ ದೊಡ್ಡ ಕೇಕು ಹೇಳಿದ್ದರು. ಆ ಬೆಳಿಗ್ಗೆ ಮಗಳು ಬನ್ನುವನ್ನು ಶಾಲೆಗೆ ಬಿಡಲು ಹೋಗಿದ್ದಳು. ಹೊತ್ತಾಗುತ್ತದೆಂದು ಬೇಕರಿಯಮ್ಮ ಒಲೆಯ ಪಕ್ಕದ ಮೊಳೆಯಲ್ಲಿದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ಹೋಗಿ ಜಾಡಿಯ ಮುಚ್ಚಳ ಎತ್ತಿದಳು. ಬುಸ್ಸೆಂದು ಹುಳಿ ವಾಸನೆ ಬಂತು. ಮೇಲೆಲ್ಲ ನೊರೆ, ಅಂಚಿನಲ್ಲಿ ಬಿಳಿ ಬೂಷ್ಟು. ರಮ್ಮಿರುವ ಕಡೆ ಬೂಷ್ಟು ಕಾಲಿಡುವುದಿಲ್ಲ, ಅಷ್ಟು ಅವಳಿಗೆ ಗೊತ್ತು. ಬೆರಳದ್ದಿ ನೆಕ್ಕಿದರೆ ಸಕ್ಕರೆ ಹಾಕಿದ ಚಹಾದ ನೀರು. ಯಾರೋ ರಮ್ಮು ಬಸಿದುಕೊಂಡು, ಬಣ್ಣ ಕಾಣಲೆಂದು ಚಹಾ ಸುರಿದಿದ್ದರು.

ಯಾರು ಎಂದು ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಬಿಸಿನೀರಲ್ಲಿ ನೆನೆಸಿದ ದ್ರಾಕ್ಷಿ ಹಾಕಿ ಕೇಕು ಮಾಡಿ ಹೇಗೋ ಮಾನ ಉಳಿಸಿಕೊಂಡಳು. ಸಂಜೆಯ ಊಟಕ್ಕೆ ಕಾದಳು.

"ಮೊಳೆ ಮೇಲಿನ ಬೀಗದ ಕೈ ಮುಟ್ಟಿದ್ಯಾ?"

"ಯಾವುದು?" ಅಚ್ಚು ಬ್ರೆಡ್ಡು ಮುರಿಯುತ್ತಿದ್ದ.

"ಜಾಡಿದು."

"ನನಗ್ಯಾಕಮ್ಮ ಜಾಡಿ ಸಹವಾಸ? ಅದರ ವಾಸನೆಗೇ ನನಗೆ ಹೊಟ್ಟೆ ತೊಳೆಸುತ್ತೆ."

"ನಿಮ್ಮಪ್ಪನೂ ಹೀಗೇ ಆಣೆ ಪ್ರಮಾಣ ಮಾಡ್ತಿದ್ದ," ಎಂದರು ಅತ್ತೆ. "ಹುಟ್ಟುಗುಣ ಸುಟ್ರೂ ಹೋಗಲ್ಲ."

"ದಿನಾ ಬಾಯಿ ಮೂಸ್ತೀರಲ್ಲ, ಒಂದಿನಾನಾದ್ರೂ ಬಂತಾ ವಾಸನೆ?"

"ವಾಸನೆ ಬರದ ಹಾಗೆ ಕುಡಿಯೋದು ನಿಮ್ಮಪ್ಪನಿಗೂ ಗೊತ್ತಿತ್ತು," ಎಂದಳು ಬೇಕರಿಯಮ್ಮ. "ಒಪ್ಕೊಂಡುಬಿಡು. ನಾನೇನು ತಲೆ ತೆಗೆಯಲ್ಲ."

"ಮಾಡಿದ್ರೆ ತಾನೇ ಒಪ್ಕೊಳ್ಳೋಕೆ!" ಅವನು ಅಕ್ಕನ ಕಡೆ ತಿರುಗಿದ. "ಅಕ್ಕಾ, ನೀನಾದ್ರೂ ಹೇಳೇ. ಬೀಗದ ಕೈ ಇರೋದು ನಿನ್ನ ಹತ್ರ. ನಾನು ಕೇಕಿನ ಕೋಣೆ ಕಡೆ ತಲೆ ಹಾಕಿದ್ದು ನೋಡಿದೀಯಾ?"

ಅಕ್ಕ ಬಡಿಸುವ ಸೌಟು ಹಿಡಿದು ನಿಂತಿದ್ದಳು. "ಹೋಗ್ಲಿ ಬಿಡಿ, ಊಟದ ಹೊತ್ತಲ್ಲಿ ಯಾಕೆ ಜಗಳ," ಎಂದು ಅವನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಹಾಕಿದಳು.

ಅಚ್ಚು ಆ ಆಲೂಗಡ್ಡೆಯನ್ನೇ ನೋಡಿದ. ಆಮೇಲೆ ತಟ್ಟೆ ಸರಿಸಿ ಎದ್ದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಮನೆ ಇದು. ನನಗೆ ಬರೆ ಹಾಕಿಸ್ಕೊಂಡು ಸಾಕಾಯ್ತು." ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಹೊರಟೇಹೋದ. ಊರಾಚೆಯ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕೆಲಸಗಾರರ ಕೋಣೆಯಲ್ಲೇ ಚಾಪೆ ಹಾಕಿಕೊಂಡನೆಂದು ಎರಡು ದಿನದ ಮೇಲೆ ಹಾಲಿನವನು ಹೇಳಿದ. ಬೇಕರಿಯಮ್ಮ ಜಾಡಿಯಲ್ಲಿ ಕೆಟ್ಟದ್ದನ್ನು ತೆಗೆದು, ತಳದ ಹಳೆಯ ಹಣ್ಣಿನ ಮೇಲೆ ಹೊಸದು ಹಾಕಿ ರಮ್ಮು ಸುರಿದು, ಹೊಸ ಬೀಗ ತಂದು, ಅದರ ಒಂದು ಕೈಯನ್ನು ಪೆಟ್ಟಿಗೆಯೊಳಗಿಟ್ಟು, ಇನ್ನೊಂದನ್ನು ಮಗಳಿಗೇ ಕೊಟ್ಟಳು. ಬೇಲಿಗೇ ಹೊಲ ಒಪ್ಪಿಸಿ ಬಂದು ನೆಮ್ಮದಿಯಾಗಿ ಮಲಗಿದಳು.

ಅವನು ಹೋದ ಮೇಲೆ ಮನೆಗೆಲಸ ಎಲ್ಲರ ತಲೆಯ ಮೇಲೂ ಬಿತ್ತು. ಬ್ರೆಡ್ಡು ಹಾಕಲು ಬೇಕರಿಯಮ್ಮನೇ ಕೈಗಾಡಿ ತಳ್ಳಿಕೊಂಡು ಹೊರಟಳು. ಮಗಳು ಎಲ್ಲರಿಗಿಂತ ಮುಂಚೆ ಎದ್ದು ಕೇಕಿನ ಕೋಣೆ ಸೇರುತ್ತಿದ್ದಳು. ಬಾಯಲ್ಲಿ ಯಾವಾಗಲೂ ಲವಂಗ. ಹಲ್ಲುನೋವು ಎನ್ನುತ್ತಿದ್ದಳು. ಊಟಕ್ಕೆ ಕರೆದರೆ "ಕೇಕಿನ ಚೂರು ತಿಂದೆ, ಹಸಿವಿಲ್ಲ" ಎನ್ನುತ್ತಿದ್ದಳು. ತಮ್ಮ ಹೋದ ದುಃಖಕ್ಕೆ ಸೊರಗುತ್ತಿದ್ದಾಳೆ ಎಂದು ತಾಯಿ ಮರುಗಿದಳು.

ಒಂದು ಬೆಳಿಗ್ಗೆ ಅತ್ತೆ ಮೆಲ್ಲಗೆ ಹೇಳಿದರು, "ನಿನ್ನ ಮಗಳ ಕೈ ನೋಡಿದ್ಯೇನೆ? ಎದ್ದ ಕೂಡಲೇ ಲೋಟ ಹಿಡಿಯೋಕಾಗದೆ ಗಡಗಡ ಅನ್ನುತ್ತೆ. ಆ ಕೋಣೆಗೆ ಹೋಗಿ ಬಂದ್ಮೇಲೆ ಸಕ್ಕರೆ ಗುಲಾಬಿ ಮಾಡೋಷ್ಟು ನೆಟ್ಟಗಾಗುತ್ತೆ. ನನ್ನ ಮಗ ಹಿಂಗೇ ಇದ್ದ."

"ಅತ್ತೆ! ಬಾಯಿಗೆ ಬಂದಿದ್ದು ಆಡ್ಬೇಡಿ. ಅವಳು ನನ್ನ ಹಾಗೆ."

"ನನ್ನ ಕಣ್ಣು ಮಂಜಾಗಿದೆ ಕಣಮ್ಮ, ಕುರುಡಾಗಿಲ್ಲ."

ಬೇಕರಿಯಮ್ಮ ಅಂದು ಇಡೀ ದಿನ ಅತ್ತೆಯ ಮೇಲೆ ಮುನಿಸಿಕೊಂಡಿದ್ದಳು. ಚಹಾ ಕೊಟ್ಟರೂ ಲೋಟ ಕುಕ್ಕಿ ಕೊಟ್ಟಳು.

ಮುಂದಿನ ವಾರ, ಮಧ್ಯಾಹ್ನ. ಬನ್ನುವಿಗೆ ಉಣಿಸುವಾಗ ಬಿಕ್ಕಳಿಕೆ ಬಂತು. ಪಕ್ಕದ ಕಿಟಕಿಯಲ್ಲಿ ಮಗಳ ಸ್ಟೀಲಿನ ನೀರಿನ ಬಾಟಲಿ ಇತ್ತು, ಬೇಕರಿಯಮ್ಮ ಅದಕ್ಕೆ ಕೈ ಚಾಚಿದಳು.

"ಬೇಡ ಅಜ್ಜಿ. ಅಮ್ಮನ ನೀರು ಖಾರ."

"ನೀರು ಎಲ್ಲಾದ್ರೂ ಖಾರ ಇರುತ್ತೇನೇ?"

"ಇದೆ. ನಾನು ಒಂದ್ಸಲ ಕುಡ್ದೆ. ಗಂಟಲು ಉರೀತು." ಹುಡುಗಿ ಇನ್ನೊಮ್ಮೆ ಬಿಕ್ಕಳಿಸಿತು. "ನಾನು ಅಳಲಿಲ್ಲ. ಅಮ್ಮ ಅತ್ತಳು."

ಬೇಕರಿಯಮ್ಮ ಬಾಟಲಿಯ ಮುಚ್ಚಳ ತೆಗೆದಳು. ಮೂಸಿ ನೋಡಬೇಕಾಗಿಯೂ ಇರಲಿಲ್ಲ. ಮೂವತ್ತು ವರ್ಷ ಒಬ್ಬನ ಪಕ್ಕದಲ್ಲಿ ಮಲಗಿದ ಮೂಗು ಅದು.

ಮಗಳು ಕೇಕಿನ ಕೋಣೆಯಲ್ಲಿ ಸಕ್ಕರೆಯ ಎಸಳು ತಿದ್ದುತ್ತಿದ್ದಳು. ತಾಯಿ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದ್ದನ್ನು ನೋಡಿ, ಕೈಯಲ್ಲಿದ್ದ ಎಸಳನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವತ್ತಿಂದ?"

"ಅಪ್ಪ ಹೋದ್ಮೇಲಿಂದ. ಮೊದಮೊದಲು ರುಚಿ ನೋಡೋಕೆ ಒಂದು ಸೌಟು. ಆಮೇಲೆ ಲೋಟ. ಏರ್ತಾನೇ ಇರ್ಲಿಲ್ಲಮ್ಮ. ಏರದಿದ್ರೆ ಕುಡಿದ ಲೆಕ್ಕ ಅಲ್ಲ ಅಂದ್ಕೊಂಡೆ."

"ಈಗ?"

"ಈಗ ಕುಡೀದಿದ್ರೆ ಕೈ ನಿಲ್ಲಲ್ಲ."

"ತಮ್ಮನನ್ನ ಹೊರಗೆ ಹಾಕಿದ್ವಲ್ಲೇ! ಅವನು ನಿನ್ನ ಮುಖ ನೋಡಿ ಕೇಳಿದ್ನಲ್ಲೇ! ಆಲೂಗಡ್ಡೆ ಬಡಿಸ್ತಾ ನಿಂತಿದ್ಯಲ್ಲೇ ಪಾಪಿ!"

"ಭಯ ಆಯ್ತಮ್ಮ."

"ಮಾನ ಹೋಗುತ್ತೆ ಅಂತಾನಾ?"

ಮಗಳು ಅಲ್ಲವೆಂದು ತಲೆಯಾಡಿಸಿದಳು. "ಬೀಗದ ಕೈ ಕಿತ್ಕೋತೀಯ ಅಂತ."

ಆ ಮಾತು ಕೇಳಿದ್ದೇ ಬೇಕರಿಯಮ್ಮ ಬಿರುಗಾಳಿಯಾದಳು. ಬೀಗದ ಕೈ ಕಿತ್ತುಕೊಂಡಳು, ಜಾಡಿಯನ್ನು ಮಗುಚಿದಳು, ಮಾವನ ಕಾಲದಿಂದ ಬಂದ ಹಣ್ಣೆಲ್ಲ ಮೋರಿಗೆ ಹೋಯಿತು. ಮಗಳನ್ನು ರಟ್ಟೆ ಹಿಡಿದು ಒಳಕೋಣೆಗೆ ನೂಕಿ ಚಿಲಕ ಹಾಕಿದಳು. "ನಾಲ್ಕು ದಿನ ಒಂದು ತೊಟ್ಟೂ ಇಲ್ದೆ ಇರು, ತಾನಾಗೇ ಬಿಟ್ಟುಹೋಗುತ್ತೆ," ಎಂದಳು. ಅತ್ತೆಯೂ ಹೌದು ಹೌದು ಎಂದರು.

ಮಗಳು ಮೊದಲು ಬೇಡಿದಳು. ಆಮೇಲೆ ಬೈದಳು. ಮರುದಿನ ಬೆವರಿನಲ್ಲಿ ತೊಯ್ದು, ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕೈಯಿಂದ ಒರೆಸಿದಳು. ತಾಯಿ ಹಾಲು ಬ್ರೆಡ್ಡು ಇಟ್ಟು ಮತ್ತೆ ಚಿಲಕ ಹಾಕಿದಳು. ಅದರ ಮರುದಿನ ಬೆಳಿಗ್ಗೆ ಒಳಗಿಂದ ದಡ್ಡೆಂದು ಸದ್ದು ಬಂತು. ಬಾಗಿಲು ತೆಗೆದರೆ ಮಗಳು ನೆಲದ ಮೇಲೆ ಸೆಟೆದುಕೊಂಡು ಒದ್ದಾಡುತ್ತಿದ್ದಳು, ಕಣ್ಣು ಮೇಲಕ್ಕೆ, ಬಾಯಲ್ಲಿ ನೊರೆಯೊಡನೆ ರಕ್ತ.

ಬೇಕರಿಯಮ್ಮ ಫೋನು ಮಾಡಿದಳು. "ಅಚ್ಚೂ, ಅಕ್ಕ ಬಿದ್ದಿದಾಳೆ, ಬಾರೋ" ಎಂದಳು. ಅವನು ಏನೆಂದೂ ಕೇಳಲಿಲ್ಲ. ಕಾರ್ಖಾನೆಯ ಬ್ರೆಡ್ಡಿನ ವ್ಯಾನಿನಲ್ಲೇ, ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಬಂದು ಅಕ್ಕನನ್ನು ಎತ್ತಿಕೊಂಡ.

ಆಸ್ಪತ್ರೆಯ ಡಾಕ್ಟರಮ್ಮ ಮಗಳಿಗೆ ಚುಚ್ಚುಮದ್ದು ಕೊಟ್ಟು ಮಲಗಿಸಿ, ತಾಯಿ ಮಗನನ್ನು ಎದುರಿಗೆ ಕೂರಿಸಿಕೊಂಡರು.

"ಕೂಡಿ ಹಾಕಿದ್ರಂತೆ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ಪ್ರಾಣವೇ ಹೋಗಬಹುದು. ಇನ್ನೊಂದ್ಸಲ ಹಾಗೆ ಮಾಡ್ಬೇಡಿ. ಇಲ್ಲಿಗೆ ಕರ್ಕೊಂಡು ಬನ್ನಿ." ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಈ ಕುಡಿತ ಇತ್ತಾ?"

"ಇಲ್ಲ ಡಾಕ್ಟ್ರೇ," ಎಂದಳು ಬೇಕರಿಯಮ್ಮ. ಬಾಯಿಗೆ ರೂಢಿಯಾದ ಸುಳ್ಳು, ಕೇಳುವ ಮೊದಲೇ ಬಂದು ನಿಂತಿತು.

"ಅವರ ತಂದೆ?"

"ಕಾಮಾಲೆ ಆಗಿ..."

"ಕುಡಿದು ಸತ್ರು," ಎಂದ ಅಚ್ಚು. "ತಾತನೂ ಕುಡಿದೇ ಸತ್ತಿದ್ದು. ಬರ್ಕೊಳ್ಳಿ ಡಾಕ್ಟ್ರೇ."

ಬೇಕರಿಯಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರೆ ಡಾಕ್ಟ್ರೇ, ಅವಳು ಅವರಪ್ಪನ ಹಾಗೆ ಇಲ್ಲವೇ ಇಲ್ಲ. ನನ್ನ ಹಾಗಿದಾಳೆ. ಅಪ್ಪನ ಹಾಗಿರೋನು ಇವನು."

ಡಾಕ್ಟರಮ್ಮ ನಗಲಿಲ್ಲ. "ಮೂಗು ಬಂದವರಿಗೇ ಇದೂ ಬರಬೇಕು ಅಂತ ಇಲ್ಲಮ್ಮ. ಮುಖ ನಿಮ್ಮದು ಬಂದು, ಒಳಗಿನ ಗುಣ ಅವರದು ಬರಬಹುದು. ಇಬ್ಬರಿಗೂ ಬರಬಹುದು, ಯಾರಿಗೂ ಬರದೇ ಇರಬಹುದು. ಅದು ಒಂದೇ ಗುಣವೂ ಅಲ್ಲ, ಎಷ್ಟೋ ಸಣ್ಣಪುಟ್ಟವು ಸೇರಿ ಆಗೋದು. ಶುರುವಲ್ಲಿ ಅವರಿಗೆ ಎಷ್ಟು ಕುಡಿದ್ರೆ ಏರ್ತಿತ್ತು?"

"ಅವಳಿಗೆ ಏರ್ತಾನೇ ಇರ್ಲಿಲ್ಲ." ಅಷ್ಟಾದರೂ ಆ ದನಿಯಲ್ಲಿ ಹಳೆಯ ಹೆಮ್ಮೆಯ ಒಂದು ಎಳೆ ಉಳಿದಿತ್ತು. "ನಾಲ್ಕು ಗ್ಲಾಸು ಕುಡಿದು ಕೇಕು ಕತ್ತರಿಸಿದವಳು. ಇವನೇ ಅರ್ಧ ಗ್ಲಾಸಿಗೇ ಮುಖ ಕೆಂಪಾಗಿ ಕಾರ್ಕೊಂಡಿದ್ದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಬೇಗ ಏರೋರಿಗೆ ಅವರ ದೇಹವೇ ಸಾಕು ಅನ್ನುತ್ತೆ. ಏರದೋರಿಗೆ ಒಳಗೆ ಸಾಕು ಅನ್ನೋರೇ ಇರಲ್ಲ. ಇಂಥ ಮನೆಗಳಲ್ಲಿ ನಾವು ಹೆಚ್ಚು ಹೆದರೋದು ಅಂಥೋರ ಬಗ್ಗೇನೇ. ಇನ್ನು ಕೆಲವರ ದೇಹ ಅದನ್ನ ಅರಗಿಸಿಕೊಳ್ಳೋದೇ ಇಲ್ಲ, ನಿಮ್ಮ ಮಗನ ಹಾಗೆ. ಅದೊಂಥರಾ ಹುಟ್ಟಿನಿಂದ ಬಂದ ಕಾವಲು. ಪೂರ್ತಿ ನಂಬೋ ಹಾಗಿಲ್ಲ, ಆದ್ರೂ ಕಾವಲೇ."

"ಹಾಗಾದ್ರೆ ಅವಳ ಹಣೇಲಿ ಮೊದಲೇ ಬರೆದಿತ್ತಾ?"

"ಹಣೆಬರಹ ಅಲ್ಲಮ್ಮ. ಅಪಾಯ ಹೆಚ್ಚು ಅಂತ ಅಷ್ಟೇ. ಅಪ್ಪ, ತಾತ ಹೀಗೆ ಹೋದ್ರು, ನೀನು ಮುಟ್ಟಬೇಡ ಅಂತ ಅವರಿಗೆ ಯಾರಾದ್ರೂ ಬಿಡಿಸಿ ಹೇಳಿದ್ರೆ ಮುಟ್ಟದೇ ಇರ್ತಿದ್ರೋ ಏನೋ."

ಬೇಕರಿಯಮ್ಮ ಎದ್ದು ಹೊರಗೆ ಬಂದಳು. ಕಾವಲಿದ್ದವನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಕಾವಲಿಲ್ಲದವಳ ಕೈಗೆ ತಾನೇ ಬೀಗದ ಕೈ ಕೊಟ್ಟು, ರುಚಿ ನೋಡೆಂದಿದ್ದಳು. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಚ್ಚು ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತ.

"ಮನೆಗೆ ಬಾರೋ ಕಂದ."

"ಬೇಕರಿಗೆ ಬರ್ತೀನಮ್ಮ. ಅಕ್ಕ ಏಳೋವರೆಗೆ ಎಲ್ಲಾ ಕೆಲಸ ಮಾಡ್ತೀನಿ. ಮಲಗೋಕೆ ಬರಲ್ಲ."

"ಇನ್ಮೇಲೆ ಹಾ ಅನ್ನು ಅನ್ನಲ್ಲ. ನಿನ್ನಾಣೆ."

"ನೀನು ಅನ್ನದಿದ್ರೂ ಆ ಬಾಗಿಲಿಗೆ ಬಂದ್ರೆ ನನ್ನ ಬಾಯಿ ತಾನಾಗೇ ತೆರ್ಕೊಳ್ಳುತ್ತೆ," ಎಂದ ಅಚ್ಚು. "ಚಹಾ ಕುಡಿ, ಆರಿಹೋಗುತ್ತೆ."

ಮಗಳು ಮನೆಗೆ ಬಂದಾಗ ಅರ್ಧ ಆಗಿದ್ದಳು. ಗುಳಿಗೆ ನುಂಗುತ್ತಿದ್ದಳು, ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ತನ್ನಂಥವರ ಜೊತೆ ಕೂತು ಮಾತಾಡಿ ಬರುತ್ತಿದ್ದಳು. ಬೇಕರಿಯಲ್ಲಿ ಹಣ್ಣನ್ನು ಈಗ ಕಿತ್ತಳೆ ರಸದಲ್ಲಿ ನೆನೆಸುತ್ತಿದ್ದರು. ಹಳೆಯ ಗಿರಾಕಿಗಳು ಮೂಗು ಮುರಿದರೆ ಅಚ್ಚು, "ಹೊಸ ರುಚಿ ಸಾರ್, ಒಗ್ಗಿಸ್ಕೊಳ್ಳಿ," ಎನ್ನುತ್ತಿದ್ದ. ತೊಳೆದಿಟ್ಟ ಜಾಡಿಯಲ್ಲಿ ಬಿಸ್ಕತ್ತು ತುಂಬಿಟ್ಟಿದ್ದರು.

ಬಂದ ಮೊದಲ ಸಂಜೆಯೇ ಮಗಳು ಬಾಗಿಲ ಬಳಿ ತಾಯಿಯ ಎದುರು ಬಂದು ನಿಂತಿದ್ದಳು. "ಅವನದು ನೋಡ್ತಿದ್ಯಲ್ಲ, ಹಾಗೆ ನನ್ನದೂ ನೋಡಮ್ಮ. ಲವಂಗ ಜಗಿಯಲ್ಲ ನಾನು."

"ಬೇಡ ಕಣೇ, ನನಗಾಗಲ್ಲ."

"ನೋಡು. ನೀನು ನೋಡ್ತೀಯ ಅಂತಿದ್ರೆ ಸಂಜೆವರೆಗಾದ್ರೂ ತಡ್ಕೋತೀನಿ."

ಅಂದಿನಿಂದ ಅದು ದಿನದ ಕೆಲಸವಾಯಿತು. ಮಗಳು ಹಾ ಎನ್ನುವಳು. ಒಳಗಿಂದ ಅತ್ತೆ "ಏನಿದೆ?" ಎನ್ನುವರು. "ಏನಿಲ್ಲ ಅತ್ತೆ" ಎಂದು ಬೇಕರಿಯಮ್ಮ ಉಸಿರು ಬಿಡುವಳು. ಬನ್ನುವಿಗೆ ಇದು ಆಟವಾಗಿ ಕಂಡು, ಅದೂ ಅಮ್ಮನ ಹಿಂದೆ ಸಾಲಿನಲ್ಲಿ ನಿಲ್ಲತೊಡಗಿತು. ಹೀಗೆ ವಾರಗಳು ಕಳೆದವು. ಮಗಳ ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಒಂದು ದಿನ ಊಟಕ್ಕೆ ಕೂತಾಗ ತಾನಾಗಿ ಇನ್ನೊಂದು ತುಂಡು ಬ್ರೆಡ್ಡು ಕೇಳಿದಳು.

ಆ ಸಂಜೆ ಅವಳು ಸಾಮಾನು ತರಲು ಪೇಟೆಗೆ ಹೋಗಿದ್ದಳು. ಬರುವುದು ತಡವಾಯಿತು. ಅಚ್ಚು ಮುಂದಿನ ಅಂಗಡಿಯಲ್ಲಿ ಟ್ರೇಗಳನ್ನು ಉಜ್ಜುತ್ತಿದ್ದ. ಮಗಳು ಚೀಲ ಕೆಳಗಿಟ್ಟು, ಎಂದಿನಂತೆ ಬಂದು ತಾಯಿಯ ಎದುರು ನಿಂತಳು. ಕಣ್ಣು ಮುಚ್ಚಿಕೊಂಡು ಹಾ ಎಂದಳು.

ಬೇಕರಿಯಮ್ಮ ಮೂಗು ಹತ್ತಿರ ತಂದಳು. ಇನ್ನೊಮ್ಮೆ ಮೂಸಿದಳು.

"ಅಜ್ಜೀ, ನಂದು," ಎಂದು ಬನ್ನು ನಡುವೆ ನುಗ್ಗಿ, ಮುಖ ಮೇಲೆತ್ತಿ ಬಾಯಿ ಅಗಲಿಸಿತು. ಬೇಕರಿಯಮ್ಮ ಬಾಗಿ ಅದರ ಗಲ್ಲ ಹಿಡಿದಳು. ಬಿಸ್ಕತ್ತಿನ ವಾಸನೆ. ಹುಬ್ಬು ಯಾರದು, ಮೂಗು ಯಾರದು ಎಂದು ಕಣ್ಣು ತನ್ನಷ್ಟಕ್ಕೆ ಹುಡುಕತೊಡಗಿತು. ಅವಳು ಆ ಮುಖವನ್ನು ಮೆಲ್ಲನೆ ಬಿಟ್ಟುಬಿಟ್ಟಳು.

"ಏನಿದೆ?" ಒಳಗಿಂದ ಅತ್ತೆ ಕೂಗಿದರು.

ಮಗಳು ಕಣ್ಣು ತೆರೆದು ತಾಯಿಯನ್ನೇ ನೋಡುತ್ತಿದ್ದಳು. ಏನಿಲ್ಲ ಎನ್ನಮ್ಮ ಎಂದು ಆ ಕಣ್ಣು ಬೇಡುತ್ತಿತ್ತು. ಅವಳಪ್ಪನ ಕಣ್ಣೂ ಹೀಗೇ ಬೇಡುತ್ತಿತ್ತು, ಮೂವತ್ತು ವರ್ಷವೂ ಬೇಕರಿಯಮ್ಮ ಏನಿಲ್ಲ ಎಂದೇ ಹೇಳಿದ್ದಳು.

"ಇದೆ ಅತ್ತೆ," ಎಂದಳು. ದನಿ ಅಂಗಡಿಯವರೆಗೆ ಕೇಳುವಷ್ಟು ಗಟ್ಟಿಯಾಗಿತ್ತು. "ಅಚ್ಚೂ, ಬಾಗಿಲು ಹಾಕು. ಆಸ್ಪತ್ರೆಗೆ ಹೋಗ್ಬೇಕು."

ಮಗಳು ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು.

"ಅಮ್ಮ ಯಾಕೆ ಅಳ್ತಿದಾಳೆ?" ಎಂದು ಬನ್ನು ಕೇಳಿತು.

"ಬಾ, ಚಪ್ಪಲಿ ಹಾಕ್ಕೋ," ಎಂದಳು ಬೇಕರಿಯಮ್ಮ. "ದಾರೀಲಿ ಹೇಳ್ತೀನಿ."